‘ಸ್ಟೇಟ್’ ಎಂಬ ಇಂಗ್ಲಿಷ್ ಪದದ ನಾನಾರ್ಥಗಳು: ಸುರಪುರ, ಶಹಾಪುರ, ಯಾದಗಿರಿ ಸೀಮೆಯ ಚರಿತ್ರೆಯ ಬೆಳಕಿನಲ್ಲಿ

ಪದವಿ ತರಗತಿಯ ಉತ್ತರಪತ್ರಿಕೆಯೊಂದರಲ್ಲಿ ವಿದ್ಯಾರ್ಥಿಯೊಬ್ಬನು ಹೀಗೆ ಬರೆದಿದ್ದನು: “1860ರಲ್ಲಿ ಸುರಪುರ ರಾಜ್ಯವು ಹೈದರಾಬಾದ್ ರಾಜ್ಯಕ್ಕೆ ಸೇರಿತು, 1956ರಲ್ಲಿ ಹೈದರಾಬಾದ್ ರಾಜ್ಯವು ಮೈಸೂರು ರಾಜ್ಯಕ್ಕೆ ಸೇರಿತು.” ವಾಕ್ಯದಲ್ಲಿ ವ್ಯಾಕರಣದೋಷವಿಲ್ಲ, ಇಸವಿಗಳೂ ಸರಿಯಾಗಿವೆ. ಆದರೂ ಇದನ್ನು ಓದಿದವರಿಗೆ ಈ ಎರಡು ಘಟನೆಗಳೂ ಒಂದೇ ಬಗೆಯವೆಂಬ ಭ್ರಾಂತಿ ಹುಟ್ಟದೆ ಇರದು. ಮೊದಲನೆಯದರಲ್ಲಿ ಒಂದು ಅರಸುಮನೆತನದ ಆಳ್ವಿಕೆ ಅಳಿದು, ಅದರ ಸೀಮೆಯು ಪ್ರಜೆಗಳ ಅಭಿಪ್ರಾಯವನ್ನು ಕೇಳದೆಯೇ ಒಬ್ಬ ಪ್ರಭುವಿನ ಕೈಯಿಂದ ಮತ್ತೊಬ್ಬ ಪ್ರಭುವಿನ ಕೈಗೆ ಹೋಯಿತು. ಎರಡನೆಯದರಲ್ಲಿ ಜನರಿಂದ ಚುನಾಯಿತವಾದ ಸಂಸತ್ತು ಒಂದು ಶಾಸನವನ್ನು ಮಾಡಿ, ದೇಶದ ಘಟಕಗಳ ಎಲ್ಲೆಗಳನ್ನು ಮುಖ್ಯವಾಗಿ ಭಾಷೆಯನ್ನು ಅನುಸರಿಸಿ ತಿದ್ದಿತು. ಅಲ್ಲದೆ ಹೈದರಾಬಾದು ಇಡಿಯಾಗಿ ಮೈಸೂರಿಗೆ ಸೇರಲಿಲ್ಲ. ಮೂರು ಭಾಗವಾಗಿ ಹಂಚಿಹೋಯಿತು. ಈ ತಪ್ಪು ಕೇವಲ ವಿದ್ಯಾರ್ಥಿಯದೆಂದು ಹೇಳುವಂತಿಲ್ಲ. ನಾವು ಆಧರಿಸುವ ಇಂಗ್ಲಿಷ್ ಗ್ರಂಥಗಳಲ್ಲಿ ಈ ಎಲ್ಲ ಸಂದರ್ಭಗಳಲ್ಲಿಯೂ ‘ಸ್ಟೇಟ್’ ಎಂಬ ಒಂದೇ ಪದವಿದೆ. ನಾವು ಅದನ್ನು ಎಲ್ಲೆಡೆಯೂ ‘ರಾಜ್ಯ’ವೆಂದು ಕನ್ನಡಿಸುತ್ತ ಬಂದಿದ್ದೇವೆ.

ಈ ಪದಕ್ಕೆ ಇರುವ ಅರ್ಥಗಳಾವುವು, ಅವು ಹೇಗೆ ಹುಟ್ಟಿದುವು, ನಮ್ಮ ಸೀಮೆಯ ಚರಿತ್ರೆಯನ್ನು ಓದುವಾಗ ಅವುಗಳನ್ನು ಬೇರ್ಪಡಿಸಿ ತಿಳಿಯುವುದು ಏಕೆ ಅವಶ್ಯಕ ಎಂಬುದನ್ನು ವಿವರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಪದದ ಮೂಲ

‘ಸ್ಟೇಟ್’ ಎಂಬುದು ಲ್ಯಾಟಿನ್ ಭಾಷೆಯ ‘ಸ್ಟೇಟಸ್’ ಎಂಬ ಪದದಿಂದ ಬಂದುದು. ನಿಲ್ಲು ಎಂಬ ಅರ್ಥದ ಧಾತು ಅದಕ್ಕೆ ಮೂಲ. ಆದುದರಿಂದ ಒಂದು ವಸ್ತುವು ಅಥವಾ ಒಬ್ಬ ಮನುಷ್ಯನು ನಿಂತಿರುವ ಬಗೆ, ಎಂದರೆ ಸ್ಥಿತಿ, ಇದೇ ಅದರ ಮೊದಲ ಅರ್ಥ. ಹಳೆಯ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದಾಗ ಅದು ‘ಸ್ಟೇಟ್’, ‘ಎಸ್ಟೇಟ್’ ಎಂಬ ಎರಡು ರೂಪಗಳನ್ನು ತಾಳಿತು. ಮನುಷ್ಯನು ಸಮಾಜದಲ್ಲಿ ನಿಂತಿರುವ ನೆಲೆಯು ಅವನ ಅಂತಸ್ತು. ಅಂತಸ್ತಿಗೆ ಆಧಾರವಾದುದು ಆಸ್ತಿ. ಅಂತಸ್ತನ್ನು ಹೊರಗೆ ತೋರುವುದು ವೈಭವ. ಹೀಗೆ ಅರ್ಥವು ಒಂದರಿಂದ ಒಂದಕ್ಕೆ ಸಾಗಿತು. ಅರಸನು ಕುಳಿತುಕೊಳ್ಳುವ ಎತ್ತರದ ಪೀಠಕ್ಕೂ ಅದರ ಮೇಲ್ಕಟ್ಟಿಗೂ ಒಂದು ಕಾಲದಲ್ಲಿ ಇಂಗ್ಲಿಷಿನಲ್ಲಿ ಇದೇ ಹೆಸರಿದ್ದಿತು. ಗಣ್ಯರ ಪಾರ್ಥಿವ ಶರೀರವನ್ನು ಸಾರ್ವಜನಿಕ ದರ್ಶನಕ್ಕಾಗಿ ಗೌರವಪೂರ್ವಕವಾಗಿ ಇರಿಸುವುದನ್ನು ಆ ಭಾಷೆಯವರು ಇಂದಿಗೂ ಇದೇ ಪದದಿಂದ ಸೂಚಿಸುತ್ತಾರೆ. ಫ್ರಾನ್ಸಿನಲ್ಲಿ 1789ರ ಕ್ರಾಂತಿಗೆ ಮುನ್ನ ಪುರೋಹಿತರು, ಶ್ರೀಮಂತರು, ಸಾಮಾನ್ಯರು ಎಂಬ ಮೂರು ವರ್ಗಗಳಿದ್ದುವಷ್ಟೆ. ಅವುಗಳ ಹೆಸರೂ ಇದೇ ಪದದ ಫ್ರೆಂಚ್ ರೂಪವಾಗಿದ್ದಿತು.

ಅರಸನ ಅಂತಸ್ತಿನಿಂದ ಅರಸನ ಅಧಿಕಾರಕ್ಕೂ, ಅಲ್ಲಿಂದ ಅವನು ಆಳುವ ನೆಲಕ್ಕೂ, ಕೊನೆಗೆ ಅರಸನು ಇರಲಿ ಇಲ್ಲದಿರಲಿ ನಿಂತಿರುವ ಆಡಳಿತದ ಶಾಶ್ವತ ವ್ಯವಸ್ಥೆಗೂ ಈ ಪದವು ಹಬ್ಬಿತು. ಇಟಲಿಯ ಮೆಕಿಯಾವೆಲಿಯು 1513ರಲ್ಲಿ ಬರೆದು 1532ರಲ್ಲಿ ಪ್ರಕಟವಾದ ಅವನ ರಾಜನೀತಿ ಗ್ರಂಥದಲ್ಲಿ ಈ ಪದದ ಇಟಾಲಿಯನ್ ರೂಪವು ರಾಜಕೀಯಾರ್ಥದಲ್ಲಿ ಪದೇ ಪದೇ ಬರುತ್ತದೆ. ಮುಂದೆ ಉತ್ತರ ಅಮೆರಿಕದ ವಸಾಹತುಗಳು 1776ರಲ್ಲಿ ಸ್ವಾತಂತ್ರ್ಯವನ್ನು ಘೋಷಿಸಿಕೊಂಡು ‘ಸಂಯುಕ್ತ ಸಂಸ್ಥಾನಗಳು’ ಎನಿಸಿಕೊಂಡಾಗ, ಒಂದು ಒಕ್ಕೂಟದ ಘಟಕ ಎಂಬ ಮತ್ತೊಂದು ಅರ್ಥವೂ ಇದಕ್ಕೆ ಸೇರಿತು. ಇವಲ್ಲದೆ, ಸಂಗತಿಯನ್ನು ಸ್ಪಷ್ಟವಾಗಿ ನಿರೂಪಿಸು ಎಂಬ ಕ್ರಿಯಾರ್ಥವೂ ಉಂಟು. ನ್ಯಾಯಾಲಯದ ಹೇಳಿಕೆಗೆ ಬಳಸುವ ಇಂಗ್ಲಿಷ್ ಪದವು ಇದರಿಂದಲೇ ಆದುದು.

ಇಲ್ಲಿ ಕನ್ನಡಿಗರು ಗಮನಿಸತಕ್ಕ ಸಂಗತಿಯೊಂದಿದೆ. ಆ ಲ್ಯಾಟಿನ್ ಧಾತುವೂ ಸಂಸ್ಕೃತದ ‘ಸ್ಥಾ’ ಧಾತುವೂ ಒಂದೇ ಮೂಲದಿಂದ ಒಡೆದವುಗಳೆಂಬುದು ಭಾಷಾಶಾಸ್ತ್ರದಲ್ಲಿ ಸಿದ್ಧವಾದ ವಿಷಯ. ಆದುದರಿಂದ ನಮ್ಮ ಸ್ಥಿತಿ, ಅವಸ್ಥೆ, ಆಸ್ಥಾನ, ಸಂಸ್ಥಾನ, ಸಂಸ್ಥೆ, ಪ್ರತಿಷ್ಠೆ ಎಂಬ ಪದಗಳೆಲ್ಲ ‘ಸ್ಟೇಟ್’ ಪದದ ದೂರದ ದಾಯಾದಿಗಳು. ಅರ್ಥಗಳು ಬೆಳೆದ ದಾರಿಯಲ್ಲಿಯೂ ಹೋಲಿಕೆಯಿದೆ. ನಾವು ಹಣವಂತನನ್ನು ‘ಸ್ಥಿತಿವಂತ’ನೆನ್ನುತ್ತೇವೆ, ದುರ್ದೆಸೆಯನ್ನು ‘ಅವಸ್ಥೆ’ಯೆನ್ನುತ್ತೇವೆ, ಅರಸನ ಸಭೆಯನ್ನು ‘ಆಸ್ಥಾನ’ವೆನ್ನುತ್ತೇವೆ. ಆದರೆ ಒಂದು ಮುಖ್ಯ ವ್ಯತ್ಯಾಸವನ್ನು ಮರೆಯಬಾರದು. ಇಂಗ್ಲಿಷು ಒಂದೇ ಪದದಲ್ಲಿ ಹಿಡಿದಿಟ್ಟ ಅರ್ಥಗಳನ್ನು ಕನ್ನಡವು ಬೇರೆ ಬೇರೆ ಪದಗಳಿಗೆ ಹಂಚಿಕೊಟ್ಟಿದೆ. ಇದರ ಫಲವಾಗಿ, ಇಂಗ್ಲಿಷ್ ಲೇಖಕನು ನಿರ್ಣಯಿಸದೆ ಬಿಟ್ಟುದನ್ನು ಕನ್ನಡದ ಲೇಖಕನು ನಿರ್ಣಯಿಸಲೇಬೇಕಾಗುತ್ತದೆ. ಸಂಸ್ಥಾನವೋ, ರಾಜ್ಯವೋ, ಪ್ರಭುತ್ವವೋ, ಜಹಗೀರೋ ಎಂಬುದನ್ನು ಆರಿಸುವುದು ಭಾಷೆಯ ಕೆಲಸವಾಗಿ ಕಂಡರೂ ವಾಸ್ತವವಾಗಿ ಅದು ಚರಿತ್ರೆಯ ಕೆಲಸ. ಇದನ್ನು ನಮ್ಮ ಸೀಮೆಯ ಉದಾಹರಣೆಗಳಿಂದ ಪರಿಶೀಲಿಸೋಣ.

ಸುರಪುರ: ಸಂಸ್ಥಾನವೋ ರಾಜ್ಯವೋ?

ಸುರಪುರದ ನಾಯಕರು ಬೇಡ ಕುಲದವರು. ಸಗರ, ವಾಗಿನಗೇರಾಗಳು ಅವರ ಹಿಂದಿನ ನೆಲೆಗಳು. ಔರಂಗಜೇಬನು ತನ್ನ ಕಡೆಗಾಲದಲ್ಲಿ, 1705ರಲ್ಲಿ, ಸ್ವತಃ ಮುತ್ತಿಗೆ ಹಾಕಿಸಿದ ಕೋಟೆ ವಾಗಿನಗೇರಾ. ಕೋಟೆ ಮೊಗಲರ ವಶವಾದರೂ ನಾಯಕನು ಸೆರೆಸಿಕ್ಕಲಿಲ್ಲ. ಮುಂದೆ ಸುರಪುರವು ಈ ಮನೆತನದ ರಾಜಧಾನಿಯಾಯಿತು. ಮೊಗಲರ ಪಾರಸಿ ಪರಿಭಾಷೆಯಲ್ಲಿ, ತಮಗೆ ಅಧೀನರಾದ ಅಥವಾ ಅಧೀನರಾಗಬೇಕೆಂದು ತಾವು ಎಣಿಸಿದ ಸ್ಥಳೀಯ ಅರಸರೆಲ್ಲರೂ ‘ಜಮೀನ್ದಾರ’ರೇ. ಸ್ಥಳದ ಜನರ ಬಾಯಲ್ಲಿ ಅದು ‘ಸಂಸ್ಥಾನ’. ಅದನ್ನು ಆಳುವವನು ‘ರಾಜಾ’. ಒಂದೇ ಮನೆತನಕ್ಕೆ ಇಂಥ ಎರಡು ಹೆಸರುಗಳಿದ್ದುದೇ ಅದರ ಸ್ಥಾನದ ಬಗೆಗೆ ಎರಡು ವಾದಗಳಿದ್ದುವೆಂಬುದಕ್ಕೆ ಸಾಕ್ಷಿ.

ಹೈದರಾಬಾದಿನ ನಿಜಾಮನು ಸುರಪುರದಿಂದ ಪೇಷ್‌ಕಷ್ ಎಂಬ ಕಪ್ಪವನ್ನೂ, ಹೊಸ ಅರಸನು ಪಟ್ಟಕ್ಕೆ ಬಂದಾಗ ನಜರಾಣವನ್ನೂ ಬಯಸುತ್ತಿದ್ದನು. ಕಪ್ಪದ ಬಾಕಿಯೂ ಸಾಲವೂ ಬೆಳೆದುವು. 1840ರ ದಶಕದ ಆರಂಭದಲ್ಲಿ ರಾಜಾ ಕೃಷ್ಣಪ್ಪ ನಾಯಕನ ಮರಣದ ತರುವಾಯ ಅವನ ಮಗ ವೆಂಕಟಪ್ಪ ನಾಯಕನು ಇನ್ನೂ ಬಾಲಕನಾಗಿದ್ದುದರಿಂದ, ಬ್ರಿಟಿಷರ ಪರವಾಗಿ ಫಿಲಿಪ್ ಮೆಡೋಸ್ ಟೇಲರನು ಅಲ್ಲಿಗೆ ಬಂದು 1853ರವರೆಗೆ ಆಡಳಿತವನ್ನು ನೋಡಿಕೊಂಡನು. ಬಾಲರಾಜನ ತಾಯಿ ರಾಣಿ ಈಶ್ವರಮ್ಮನಿಗೂ ಅವನಿಗೂ ನಡೆದ ಅಧಿಕಾರದ ತಿಕ್ಕಾಟವು ಅವನ ಬರಹದಿಂದಲೇ ತಿಳಿದುಬರುತ್ತದೆ. ಅವನ ಮರಣಾನಂತರ 1877ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಸುರಪುರವನ್ನು ‘ಸ್ಟೇಟ್’ ಎಂದೇ ಕರೆದಿದೆ. ಅವನ ದೃಷ್ಟಿಯಲ್ಲಿ ಅದಕ್ಕೆ ತನ್ನದೇ ಆದ ಬೊಕ್ಕಸ, ಸೈನ್ಯ, ನ್ಯಾಯವಿಚಾರಣೆ ಎಲ್ಲವೂ ಇದ್ದುವು. ಆದರೆ ಅದೇ ಸಂಸ್ಥಾನವು ಹೈದರಾಬಾದೆಂಬ ಮತ್ತೊಂದು ‘ಸ್ಟೇಟಿ’ಗೆ ಕಪ್ಪ ಕೊಡುತ್ತಿದ್ದಿತು, ಆ ಹೈದರಾಬಾದಾದರೋ ಕಂಪೆನಿಯ ಸೈನ್ಯದ ಆಶ್ರಯದಲ್ಲಿದ್ದಿತು. ಒಂದರ ಮೇಲೊಂದು ಕಟ್ಟಿದ ಈ ಮೂರು ಅಂತಸ್ತುಗಳನ್ನು ಒಂದೇ ಪದವು ಮುಚ್ಚಿಬಿಡುತ್ತದೆ.

ಈ ತೊಡಕು 1858ರಲ್ಲಿ ಕೇವಲ ಮಾತಿನ ತೊಡಕಾಗಿ ಉಳಿಯಲಿಲ್ಲ. ಆ ವರ್ಷದ ಫೆಬ್ರವರಿಯಲ್ಲಿ ಸುರಪುರದ ಸಮೀಪ ಬೀಡುಬಿಟ್ಟಿದ್ದ ಬ್ರಿಟಿಷ್ ಅಧಿಕಾರಿಗಳ ಪಡೆಯ ಮೇಲೆ ರಾತ್ರಿ ದಾಳಿ ನಡೆಯಿತು. ಹೆಚ್ಚಿನ ಸೈನ್ಯ ಬಂದು ಸುರಪುರವು ಕೈಬಿಟ್ಟಿತು. ವೆಂಕಟಪ್ಪ ನಾಯಕನು ಹೈದರಾಬಾದಿಗೆ ಹೋದಾಗ ಅಲ್ಲಿ ನಿಜಾಮನ ಮಂತ್ರಿ ಸಾಲಾರ್ ಜಂಗನ ಕಡೆಯವರು ಅವನನ್ನು ಹಿಡಿದು ಬ್ರಿಟಿಷರಿಗೆ ಒಪ್ಪಿಸಿದರು. ವಿಚಾರಣೆಯಾಗಿ ಮರಣದಂಡನೆ ವಿಧಿಸಲ್ಪಟ್ಟಿತು. ಅದು ಇಳಿದು ಇಳಿದು ಕೊನೆಗೆ ಚೆಂಗಲಪಟ್ಟಿನಲ್ಲಿ ನಾಲ್ಕು ವರ್ಷಗಳ ಬಂಧನವಾಯಿತು. ಅಲ್ಲಿಗೆ ಒಯ್ಯುತ್ತಿದ್ದ ದಾರಿಯಲ್ಲಿ, ಅದೇ ವರ್ಷ, ಆ ತರುಣ ರಾಜನು ಗುಂಡೇಟಿನಿಂದ ಮಡಿದನು.

ಈಗ ನಾವು ಕೇಳಬೇಕಾದ ಪ್ರಶ್ನೆ ಇದು: ಅವನ ಮೇಲೆ ಹೊರಿಸಿದುದು ಪ್ರಭುತ್ವಕ್ಕೆ ವಿರುದ್ಧವಾದ ಅಪರಾಧವಾದರೆ, ಯಾವ ಪ್ರಭುತ್ವಕ್ಕೆ? ಅವನು ಕಂಪೆನಿಯ ಪ್ರಜೆಯಾಗಿರಲಿಲ್ಲ. ನಿಜಾಮನಿಗೆ ಕಪ್ಪ ಕೊಡುವವನಾಗಿದ್ದನು. ಆದರೆ ಅವನ ಆಯುಧ ಎತ್ತಿದ್ದುದು ನಿಜಾಮನ ಮೇಲಲ್ಲ. ಸುರಪುರವು ಸ್ವತಂತ್ರ ರಾಜ್ಯವೆಂದು ಬರೆದರೆ 1858ರ ಘಟನೆ ಎರಡು ರಾಜ್ಯಗಳ ನಡುವಣ ಯುದ್ಧವಾಗುತ್ತದೆ. ರಾಜನು ಯುದ್ಧದಲ್ಲಿ ಸೋತ ಶತ್ರುವಾಗುತ್ತಾನೆ. ಜಮೀನ್ದಾರಿಯೆಂದು ಬರೆದರೆ ಅದೇ ಘಟನೆ ದಂಗೆಯಾಗುತ್ತದೆ, ರಾಜನು ದ್ರೋಹಿಯಾಗುತ್ತಾನೆ. ಪದವನ್ನು ಆರಿಸಿದೊಡನೆ ತೀರ್ಪನ್ನೂ ಬರೆದಂತಾಗುತ್ತದೆ.

ಮುಂದಿನ ಎರಡು ವರ್ಷಗಳ ವಿದ್ಯಮಾನವೂ ಇಷ್ಟೇ ಬೋಧಪ್ರದವಾಗಿದೆ. ಸುರಪುರವನ್ನು ಬ್ರಿಟಿಷರು ತಾವೇ ವಶಪಡಿಸಿಕೊಂಡು ಅದರ ಆಡಳಿತವನ್ನು ಮತ್ತೆ ಟೇಲರನಿಗೆ ವಹಿಸಿದರು. 1858ರಲ್ಲಿಯೇ ಕಂಪೆನಿಯ ಆಳ್ವಿಕೆ ಮುಗಿದು, ಭಾರತದ ಆಡಳಿತವು ಲಂಡನ್ನಿನಲ್ಲಿದ್ದ ಮಂತ್ರಿಯೊಬ್ಬನ ಕೈಸೇರಿತು. ಅವನ ಇಂಗ್ಲಿಷ್ ಪದನಾಮದಲ್ಲಿಯೂ ‘ಸ್ಟೇಟ್’ ಎಂಬ ಪದವಿದೆ. ಅಲ್ಲಿ ಅದರ ಅರ್ಥ ಬ್ರಿಟಿಷ್ ರಾಜಪ್ರಭುತ್ವ. ಬಳಿಕ 1860ರ ಒಪ್ಪಂದದಂತೆ ಸುರಪುರದ ಸೀಮೆಯನ್ನು ಪೂರ್ಣ ಸಾರ್ವಭೌಮಾಧಿಕಾರದೊಡನೆ ನಿಜಾಮನಿಗೆ ಒಪ್ಪಿಸಲಾಯಿತು. 1857ರ ಸಂಕಟಕಾಲದಲ್ಲಿ ಬ್ರಿಟಿಷರ ಪಕ್ಷವನ್ನು ಬಿಡದಿದ್ದುದಕ್ಕೆ ನಿಜಾಮನಿಗೆ ದೊರೆತ ಪ್ರತಿಫಲವಿದು. ಸುರಪುರವು ಮೊದಲಿನಿಂದಲೂ ಹೈದರಾಬಾದಿನ ಒಂದು ಭಾಗವೇ ಆಗಿದ್ದರೆ ಅದನ್ನು ಹೊಸದಾಗಿ ಕೊಡುವ ಪ್ರಸಂಗವೇ ಬರುತ್ತಿರಲಿಲ್ಲ. ಪೂರ್ಣ ಸ್ವತಂತ್ರವೇ ಆಗಿದ್ದರೆ ಅದರಿಂದ ಕಪ್ಪ ಪಡೆಯುವ ಹಕ್ಕು ನಿಜಾಮನಿಗೆ ಇರುತ್ತಿರಲಿಲ್ಲ. ಈ ಎರಡರ ನಡುವಣ ಸ್ಥಾನವನ್ನು ಸೂಚಿಸಲು ಕನ್ನಡದಲ್ಲಿ ‘ಸಂಸ್ಥಾನ’ವೆಂಬ ಪದವೇ ಹೆಚ್ಚು ಉಚಿತವೆಂದು ತೋರುತ್ತದೆ. ಒಳಾಡಳಿತದ ಸ್ವಾತಂತ್ರ್ಯವನ್ನೂ ಮೇಲಣ ಅಧೀನತೆಯನ್ನೂ ಅದು ಏಕಕಾಲದಲ್ಲಿ ಸೂಚಿಸಬಲ್ಲುದು.

ಹೈದರಾಬಾದು: ಸಂಸ್ಥಾನದೊಳಗೆ ಸಂಸ್ಥಾನ

1860ರ ಅನಂತರ ಸುರಪುರ, ಶಹಾಪುರ, ಯಾದಗಿರಿ ಮೂರೂ ನಿಜಾಮನ ಆಡಳಿತದ ತಾಲ್ಲೂಕುಗಳಾದುವು. ಸುರಪುರ, ಶಹಾಪುರಗಳು ಕೆಲಕಾಲ ಲಿಂಗಸುಗೂರು ಜಿಲ್ಲೆಯಲ್ಲಿದ್ದು, 1905ರಲ್ಲಿ ಆ ಜಿಲ್ಲೆ ರದ್ದಾದಾಗ ಗುಲ್ಬರ್ಗಕ್ಕೆ ಸೇರಿದುವು. ಸುಮಾರು 82,000 ಚದರ ಮೈಲಿಗಳ ಹೈದರಾಬಾದು ಬ್ರಿಟಿಷರ ಕಾಗದಪತ್ರಗಳಲ್ಲಿ ‘ದೇಶೀಯ ಸ್ಟೇಟ್’. ಆದರೆ ಅದರೊಳಗೇ ಗದ್ವಾಲ, ವನಪರ್ತಿ, ಆನೆಗೊಂದಿ, ಗುರಗುಂಟಾ ಮುಂತಾದುವೂ ‘ಸಂಸ್ಥಾನ’ಗಳೆನಿಸಿಕೊಂಡಿದ್ದುವು. ಹೀಗಾಗಿ ‘ಸಂಸ್ಥಾನ’ವೆಂಬ ನಮ್ಮ ಪದವೂ ಎರಡು ಅಂತಸ್ತುಗಳಲ್ಲಿ ಬಳಕೆಯಾಗಿದೆಯೆಂಬುದನ್ನು ಓದುಗರು ನೆನಪಿನಲ್ಲಿಡಬೇಕು. ಉರ್ದುವಿನಲ್ಲಿ ಆಡಳಿತ ನಡೆಯುತ್ತಿದ್ದ ಆ ಕಾಲದಲ್ಲಿ ಇಡೀ ಸಂಸ್ಥಾನವನ್ನು ‘ರಿಯಾಸತ್’ ಎಂದೂ ಅದರ ನಿವಾಸಿಯನ್ನು ‘ಮುಲ್ಕಿ’ ಎಂದೂ ಕರೆಯುತ್ತಿದ್ದರು.

ಇದಲ್ಲದೆ ಸಂಸ್ಥಾನದ ನೆಲವೆಲ್ಲ ಒಂದೇ ಬಗೆಯದಾಗಿರಲಿಲ್ಲ. ಸರ್ಕಾರವು ನೇರವಾಗಿ ಕಂದಾಯ ಎತ್ತುತ್ತಿದ್ದ ‘ದಿವಾನಿ’ ಭೂಮಿ ಬೇರೆ, ನಿಜಾಮನ ಸ್ವಂತ ಖರ್ಚಿಗೆ ಮೀಸಲಾದ ‘ಸರ್ಫ್-ಎ-ಖಾಸ್’ ಬೇರೆ, ಜಹಗೀರುಗಳು ಬೇರೆ. ಇಂಗ್ಲಿಷಿನಲ್ಲಿ ಮೊದಲನೆಯದು ‘ಸ್ಟೇಟ್’, ಉಳಿದೆರಡು ‘ಎಸ್ಟೇಟ್’. ಒಂದೇ ಪದದ ಈ ಎರಡು ರೂಪಗಳ ನಡುವಣ ಅಂತರವು ರೈತನ ಪಾಲಿಗೆ ದೊಡ್ಡದು. ತನ್ನ ಹೊಲವು ಯಾವುದರಲ್ಲಿದೆ ಎಂಬುದರ ಮೇಲೆ ಕಂದಾಯವನ್ನು ಯಾರಿಗೆ ಕೊಡಬೇಕು, ದೂರನ್ನು ಯಾರಲ್ಲಿ ಹೇಳಿಕೊಳ್ಳಬೇಕು ಎಂಬುದು ನಿಶ್ಚಯವಾಗುತ್ತಿದ್ದಿತು. ಸರ್ಫ್-ಎ-ಖಾಸ್ ದಿವಾನಿಯಲ್ಲಿ ವಿಲೀನವಾದುದೂ, ಜಹಗೀರುಗಳು ರದ್ದಾದುದೂ 1949ರಲ್ಲಿ.

ನಿಜಾಮನು ಸುರಪುರದ ಮೇಲೆ ಹೂಡಿದ್ದ ವಾದವನ್ನೇ ಬ್ರಿಟಿಷರು ನಿಜಾಮನ ಮೇಲೆ ಹೂಡಿದುದು ಚರಿತ್ರೆಯ ವಿಲಕ್ಷಣಗಳಲ್ಲೊಂದು. ಒಳಾಡಳಿತದ ವಿಷಯದಲ್ಲಿ ತಾನು ಬ್ರಿಟಿಷ್ ಸರ್ಕಾರಕ್ಕೆ ಸಮಾನನೆಂದು ಏಳನೆಯ ನಿಜಾಮನು ಬೇರಾರ್ ಪ್ರಶ್ನೆಯ ಸಂದರ್ಭದಲ್ಲಿ ವಾದಿಸಿದಾಗ, ವೈಸರಾಯ್ ಲಾರ್ಡ್ ರೀಡಿಂಗನು 1926ರ ಮಾರ್ಚಿಯ ಪತ್ರದಲ್ಲಿ ಅದನ್ನು ತಳ್ಳಿಹಾಕಿ, ಬ್ರಿಟಿಷ್ ಸಿಂಹಾಸನದ ಸಾರ್ವಭೌಮತ್ವವು ಭಾರತದಲ್ಲಿ ಸರ್ವೋಚ್ಚವೆಂದು ತಿಳಿಸಿದನು. ‘ಸ್ಟೇಟ್’ ಎಂಬ ಹೆಸರು ಇದ್ದಮಾತ್ರಕ್ಕೆ ಸಮಾನತೆ ದೊರಕಲಿಲ್ಲ.

1947ರಲ್ಲಿ ಬ್ರಿಟಿಷರು ನಿರ್ಗಮಿಸಿದಾಗ ಹೈದರಾಬಾದು ಕೂಡಲೇ ಭಾರತಕ್ಕೆ ಸೇರಲಿಲ್ಲ. ಆ ವರ್ಷದ ನವೆಂಬರಿನಲ್ಲಿ ‘ಯಥಾಸ್ಥಿತಿ ಒಪ್ಪಂದ’ವಾಯಿತು. ‘ಸ್ಥಿತಿ’ ಎಂಬ ಮೂಲಾರ್ಥವು ಇಲ್ಲಿ ಮರಳಿ ಬಂದಿರುವುದನ್ನು ಕಾಣಬಹುದು: ಇದ್ದುದು ಇದ್ದಂತೆಯೇ ಇರತಕ್ಕುದೆಂಬುದೇ ಅದರ ತಿರುಳು. ಆದರೆ ಜನರ ಅವಸ್ಥೆ ಇದ್ದಂತೆ ಇರಲಿಲ್ಲ. ರಜಾಕಾರರ ಹಾವಳಿಯಿಂದ ಅನೇಕರು ಊರು ಬಿಟ್ಟರು. 1948ರ ಸೆಪ್ಟೆಂಬರ್ 17ರಂದು ನಿಜಾಮನ ಸೈನ್ಯವು ಶರಣಾಗತವಾಯಿತು.

ಸಂವಿಧಾನದಲ್ಲಿ ‘ಸ್ಟೇಟ್’

1947ಕ್ಕೆ ಮುನ್ನ ಬ್ರಿಟಿಷರು ನೇರವಾಗಿ ಆಳುತ್ತಿದ್ದುದು ‘ಪ್ರಾಂತ’. ಅರಸರ ಮೂಲಕ ಆಳುತ್ತಿದ್ದುದು ‘ಸ್ಟೇಟ್’. ಇವು ಪರಸ್ಪರ ವಿರುದ್ಧ ಪದಗಳು. 1950ರಲ್ಲಿ ಜಾರಿಗೆ ಬಂದ ಸಂವಿಧಾನವು ಈ ಭೇದವನ್ನು ಹೆಸರಿನಲ್ಲಿ ಅಳಿಸಿ, ಭಾರತವು ‘ಸ್ಟೇಟು’ಗಳ ಒಕ್ಕೂಟವೆಂದು ಸಾರಿತು. ಬೊಂಬಾಯಿ ಪ್ರಾಂತವೂ ಹೈದರಾಬಾದ್ ಸಂಸ್ಥಾನವೂ ಒಂದೇ ಹೆಸರನ್ನು ಪಡೆದುವು. ಆದರೂ ವರ್ಗಭೇದ ಉಳಿದಿದ್ದಿತು. ಹೈದರಾಬಾದು ‘ಬಿ’ ವರ್ಗದ ಘಟಕವಾಗಿ, ನಿಜಾಮನು ಅದರ ರಾಜಪ್ರಮುಖನಾದನು. ಈ ಭೇದವೂ 1956ರಲ್ಲಿ ತೊಲಗಿತು. ಆ ವರ್ಷದ ನವೆಂಬರ್ 1ರಂದು ಹೈದರಾಬಾದಿನ ತೆಲುಗು ಜಿಲ್ಲೆಗಳು ಆಂಧ್ರ ಪ್ರದೇಶಕ್ಕೂ, ಮರಾಠಿ ಜಿಲ್ಲೆಗಳು ಮುಂಬಯಿಗೂ, ಗುಲ್ಬರ್ಗ, ರಾಯಚೂರು, ಬೀದರ ಭಾಗಗಳು ಮೈಸೂರಿಗೂ ಸೇರಿದುವು. ಗುಲ್ಬರ್ಗ ಜಿಲ್ಲೆಯಲ್ಲಿದ್ದ ಕೊಡಂಗಲ್, ತಾಂಡೂರು ತಾಲ್ಲೂಕುಗಳು ಮಾತ್ರ ಆಂಧ್ರದ ಕಡೆಗೆ ಹೋದುವು. ಈ ಕಾಲದಿಂದ ಮುಂದಕ್ಕೆ ‘ರಾಜ್ಯ’ವೆಂಬ ಅನುವಾದವು ಸಮರ್ಪಕವಾದುದು. ಶಹಾಪುರದಲ್ಲಿ 1940ರಲ್ಲಿ ಹುಟ್ಟಿದವರು ತಮ್ಮ ಊರನ್ನು ಬಿಟ್ಟು ಕದಲದಿದ್ದರೂ ಹೈದರಾಬಾದ್ ಸಂಸ್ಥಾನ, ಹೈದರಾಬಾದ್ ರಾಜ್ಯ, ಮೈಸೂರು ರಾಜ್ಯ, 1973ರಿಂದ ಕರ್ನಾಟಕ ರಾಜ್ಯ ಎಂಬ ನಾಲ್ಕು ಹೆಸರುಗಳಡಿಯಲ್ಲಿ ಬಾಳಿದರು. ಇಂಗ್ಲಿಷಿನಲ್ಲಿ ಈ ನಾಲ್ಕೂ ‘ಸ್ಟೇಟ್’.

ಸಂವಿಧಾನದಲ್ಲಿಯೇ ಈ ಪದಕ್ಕೆ ಮತ್ತೊಂದು ಅರ್ಥವೂ ಇದೆ. ಮೂಲಭೂತ ಹಕ್ಕುಗಳ ಭಾಗಕ್ಕಾಗಿ 12ನೆಯ ಅನುಚ್ಛೇದವು ಕೊಡುವ ವ್ಯಾಖ್ಯೆಯಂತೆ, ಕೇಂದ್ರದ ಸರ್ಕಾರ ಮತ್ತು ಸಂಸತ್ತು, ಪ್ರತಿಯೊಂದು ರಾಜ್ಯದ ಸರ್ಕಾರ ಮತ್ತು ವಿಧಾನಮಂಡಲ, ಅಲ್ಲದೆ ಸ್ಥಳೀಯ ಪ್ರಾಧಿಕಾರಗಳು, ಇವೆಲ್ಲವೂ ‘ಸ್ಟೇಟ್’. ಎಂದರೆ ಸುರಪುರದ ಪೌರಸಂಸ್ಥೆಯೂ ಈ ಅರ್ಥದಲ್ಲಿ ‘ಸ್ಟೇಟ್’ ಆಗಿದೆ; ಅದು ನಾಗರಿಕನ ಮೂಲಭೂತ ಹಕ್ಕಿಗೆ ಧಕ್ಕೆ ತಂದರೆ ನ್ಯಾಯಾಲಯದಲ್ಲಿ ಪ್ರಶ್ನಿಸಬಹುದು. ಇಲ್ಲಿ ‘ರಾಜ್ಯ’ವೆಂದು ಮಾತ್ರ ಬರೆದರೆ, ಈ ರಕ್ಷಣೆ ಕರ್ನಾಟಕ ಸರ್ಕಾರದ ವಿರುದ್ಧ ಮಾತ್ರ ದೊರಕುವುದೆಂದು ವಿದ್ಯಾರ್ಥಿಯು ತಿಳಿಯುವನು. ‘ಪ್ರಭುತ್ವ’ವೆಂಬ ಪದವು ಇಲ್ಲಿ ಹೆಚ್ಚು ಸ್ಪಷ್ಟ. ಇದಕ್ಕೆ ಪ್ರತಿಯಾಗಿ, 2012ರ 98ನೆಯ ತಿದ್ದುಪಡಿಯಿಂದ ಸೇರಿದ 371(ಜೆ) ಅನುಚ್ಛೇದವು ಕರ್ನಾಟಕವನ್ನು ಹೆಸರಿಸುವಾಗ ‘ಸ್ಟೇಟ್’ ಎಂಬುದು ಘಟಕರಾಜ್ಯವೆಂಬ ಅರ್ಥದಲ್ಲಿಯೇ ಬಂದಿದೆ. ಹೈದರಾಬಾದ್ ಕರ್ನಾಟಕದ ಜಿಲ್ಲೆಗಳವರಿಗೆ ಶಿಕ್ಷಣದಲ್ಲಿಯೂ ಉದ್ಯೋಗದಲ್ಲಿಯೂ ಮೀಸಲಾತಿಗೆ ಎಡೆಮಾಡಿದ ಆ ಅನುಚ್ಛೇದವನ್ನು, 2010ರಲ್ಲಿ ಪ್ರತ್ಯೇಕ ಜಿಲ್ಲೆಯಾದ ಯಾದಗಿರಿಯ ವಿದ್ಯಾರ್ಥಿಗಳು ಪ್ರಮಾಣಪತ್ರಕ್ಕಾಗಿ ಕಚೇರಿಗೆ ಅಲೆಯುವಾಗಲೆಲ್ಲ ನೆನೆಯುತ್ತಾರೆ.

ಪೇಟೆಯ ನಾಮಫಲಕವೊಂದರಲ್ಲಿಯೂ ಈ ಅರ್ಥಭೇದವನ್ನು ಕಾಣಬಹುದಾಗಿತ್ತು. 1941ರಲ್ಲಿ ಸ್ಥಾಪಿತವಾದ ‘ಹೈದರಾಬಾದ್ ಸ್ಟೇಟ್ ಬ್ಯಾಂಕ್’ ಎಂಬ ಹೆಸರಿನಲ್ಲಿ ಆ ಪದಕ್ಕೆ ನಿಜಾಮನ ಸಂಸ್ಥಾನವೆಂದು ಅರ್ಥ. ಅದೇ ಬ್ಯಾಂಕು ತರುವಾಯ ‘ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್’ ಆಗಿ, 2017ರಲ್ಲಿ ‘ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾ’ದಲ್ಲಿ ವಿಲೀನವಾಯಿತು. ಈ ಕೊನೆಯ ಹೆಸರಿನಲ್ಲಿ ಅದೇ ಪದಕ್ಕೆ ಇಡೀ ರಾಷ್ಟ್ರದ ಪ್ರಭುತ್ವವೆಂದು ಅರ್ಥ.

ಉಪಸಂಹಾರ

ಮೇಲಿನ ವಿವೇಚನೆಯಿಂದ, ಪ್ರತಿಯೊಂದು ಅರ್ಥಕ್ಕೂ ಒಂದೊಂದು ಪದವನ್ನು ಶಾಶ್ವತವಾಗಿ ಗೊತ್ತುಮಾಡಿ ಕೋಷ್ಟಕ ಹಾಕಬಹುದೆಂದು ಭಾವಿಸಲಾಗದು. ‘ಸಂಸ್ಥಾನ’ವೆಂಬ ಪದಕ್ಕೂ ಎರಡು ಅಂತಸ್ತುಗಳಿರುವುದನ್ನು ಕಂಡೆವಷ್ಟೆ. ಮಾಡಬಹುದಾದುದು ಇಷ್ಟು: ದಾಖಲೆಯಲ್ಲಿ ಈ ಪದವು ಎದುರಾದಾಗ ಅದನ್ನು ಬರೆದವನಾರು, ಯಾವ ಇಸವಿಯಲ್ಲಿ ಬರೆದನು, ಅವನು ಸೂಚಿಸುವ ಅಧಿಕಾರಕ್ಕೆ ಮೇಲೊಂದು ಅಧಿಕಾರವಿದ್ದಿತೇ, ಅದರ ಕೆಳಗಿದ್ದ ಜನರಿಗೆ ಆ ಅಧಿಕಾರವನ್ನು ಪ್ರಶ್ನಿಸುವ ಹಕ್ಕಿದ್ದಿತೇ ಎಂಬ ನಾಲ್ಕು ಪ್ರಶ್ನೆಗಳನ್ನು ಕೇಳಿ, ಅನಂತರವೇ ಕನ್ನಡ ಪದವನ್ನು ಬರೆಯುವುದು. ನಾಲ್ಕನೆಯ ಪ್ರಶ್ನೆಯನ್ನು ನಾವು ಸಾಮಾನ್ಯವಾಗಿ ಮರೆಯುತ್ತೇವೆ. 1860ಕ್ಕೂ 1956ಕ್ಕೂ ಇರುವ ನಿಜವಾದ ಅಂತರವು ಅದರಲ್ಲಿಯೇ ಅಡಗಿದೆ.

ಉತ್ತರಪತ್ರಿಕೆಯ ಆ ವಾಕ್ಯವನ್ನು ತರಗತಿಯಲ್ಲಿ ಎಲ್ಲರೂ ಕೂಡಿ ತಿದ್ದಿದಾಗ ಅದು ಹೀಗಾಯಿತು: “1858ರಲ್ಲಿ ಬ್ರಿಟಿಷರು ವಶಪಡಿಸಿಕೊಂಡಿದ್ದ ಸುರಪುರ ಸಂಸ್ಥಾನದ ಸೀಮೆಯನ್ನು 1860ರಲ್ಲಿ ನಿಜಾಮನಿಗೆ ಒಪ್ಪಿಸಿದರು, 1956ರಲ್ಲಿ ಸಂಸತ್ತಿನ ಶಾಸನದಂತೆ ಹೈದರಾಬಾದ್ ರಾಜ್ಯವು ವಿಭಾಗವಾಗಿ, ಸುರಪುರವೂ ಸೇರಿದಂತೆ ಅದರ ಕನ್ನಡ ಭಾಗವು ಮೈಸೂರು ರಾಜ್ಯವನ್ನು ಸೇರಿತು.” ಮೊದಲಿನ ವಾಕ್ಯಕ್ಕಿಂತ ಇದು ಉದ್ದವಾಗಿದೆ. ಆದರೆ ಯಾರು ಕೊಟ್ಟರು, ಯಾರು ಪಡೆದರು, ಯಾರು ನಿರ್ಣಯಿಸಿದರು ಎಂಬುದು ಇದರಲ್ಲಿದೆ. ಚರಿತ್ರೆಯ ವಾಕ್ಯದಲ್ಲಿ ಇವು ಇರಲೇಬೇಕಾದುವು.